ಶಿಲಾಪಾಕದ ಕಥೆ ಹರಳಿನ ಅಂಚಿನಲ್ಲಿ: ನನ್ನ ಅನುಭವ

ಲಾವಾ ಕಲ್ಲು ಕೈಗೆ ಬಂದರೆ ಮೊದಲು ಅದನ್ನು ಪುಡಿಮಾಡಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರಕ್ಕೆ ಕೊಡುವುದು ವಾಡಿಕೆ. ನಾನೂ ಕೊಡುತ್ತೇನೆ. ಬಿಸಿಲುಮಳೆಗೆ ಬಣ್ಣಗೆಟ್ಟ ಹೊರಪದರವನ್ನು ಕತ್ತರಿಸಿ ತೆಗೆದು, ಒಳಗಿನ ಗಟ್ಟಿ ಭಾಗವನ್ನಷ್ಟೇ ಅಗೇಟ್ ಕಲ್ಲಿನ ಪಾತ್ರೆಯಲ್ಲಿ ಅರೆಯುತ್ತೇನೆ. ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ, ಆದರೆ ಪುಡಿಗೆ ಟಂಗ್‌ಸ್ಟನ್, ಕೋಬಾಲ್ಟ್ ಸೇರಿಕೊಳ್ಳುತ್ತವೆ. ಸಿಲಿಕಾ ಶೇ. 50ರ ಆಸುಪಾಸಿದ್ದರೆ ಬಸಾಲ್ಟ್, 63 ದಾಟಿದರೆ ಡೇಸೈಟ್. ಕಲ್ಲಿಗೆ ಹೆಸರಂತೂ ಸಿಕ್ಕಿತು. ಆದರೆ ಸಿಲಿಕಾ ಇವೆರಡರ ನಡುವೆ ಇರುವ ಆಂಡಿಸೈಟ್ ಬಂದದ್ದು ಹೇಗೆ? ಆ ಎರಡು ಬಗೆಯ ಶಿಲಾಪಾಕಗಳು, ಅಂದರೆ ನೆಲದಡಿಯ ಕರಗಿದ ಕಲ್ಲು (ಮ್ಯಾಗ್ಮಾ), ಬೆರೆತೋ, ಬಸಾಲ್ಟ್ ಪಾಕದಿಂದ ಹರಳುಗಳು ಬೇರ್ಪಟ್ಟೋ? ಒಂದು ಕಲ್ಲಿನ ಸರಾಸರಿ ಅಂಕಿ ಇದನ್ನು ಹೇಳುವುದಿಲ್ಲ.

ಹಾಗಾಗಿ ನನ್ನ ಹೆಚ್ಚಿನ ಸಮಯ ಹರಳುಗಳಿಗೇ ಮೀಸಲು. ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ಉಜ್ಜಿ, ಹೊಳಪು ಕೊಟ್ಟು, ಇಂಗಾಲದ ತೆಳುಲೇಪ ಹಾಕಿ ಹರಳಿನ ಒಂದೊಂದು ಬಿಂದುವಿನ ರಾಸಾಯನಿಕ ಸಂಯೋಜನೆ ಅಳೆಯುವ ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಯಂತ್ರದಲ್ಲಿ ಇಡುತ್ತೇನೆ. ಅದರ ಚಿತ್ರದಲ್ಲಿ ಆಲಿವಿನ್ (ಮೆಗ್ನೀಷಿಯಂ, ಕಬ್ಬಿಣ ಎರಡೂ ಇರುವ ಖನಿಜ) ಹರಳಿನ ಮೆಗ್ನೀಷಿಯಂ ಹೆಚ್ಚಿರುವ ಭಾಗ ಕಪ್ಪಾಗಿ, ಕಬ್ಬಿಣ ಹೆಚ್ಚಿರುವ ಭಾಗ ಬೆಳ್ಳಗೆ ಕಾಣುತ್ತದೆ. ಹರಳು ಹೊರಕ್ಕೆ ಬೆಳೆಯುವುದರಿಂದ, ಪಾಕ ಸುಮ್ಮನೆ ತಣಿಯುತ್ತಿದ್ದರೆ ಅಂಚಿನತ್ತ ಮೆಗ್ನೀಷಿಯಂ ಇಳಿಯಬೇಕು. ಏರಿದ್ದರೆ ಕೆಳಗಿನಿಂದ ಬಿಸಿ ಪಾಕ ನುಗ್ಗಿರಬಹುದೆಂದು ನನ್ನ ಮೊದಲ ಗುಮಾನಿ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿಯುವ ಮುನ್ನ ಡೇಸೈಟ್ ಪಾಕದೊಳಕ್ಕೆ ಬಸಾಲ್ಟ್ ಹೀಗೇ ನುಗ್ಗಿತ್ತು.

ನುಗ್ಗಿದ್ದು ಸ್ಫೋಟಕ್ಕೆ ಎಷ್ಟು ಮೊದಲು ಎಂಬುದೇ ನನಗೆ ಅತ್ಯಂತ ರುಚಿಸುವ ಪ್ರಶ್ನೆ. ಹಳೆಯ ತಿರುಳಿಗೂ ಹೊಸ ಅಂಚಿಗೂ ನಡುವಿನ ಗಡಿ ಮೊದಲು ಚೂಪಾಗಿರುತ್ತದೆ. ಕಬ್ಬಿಣ, ಮೆಗ್ನೀಷಿಯಂಗಳು ಜಾಗ ಬದಲಿಸಿಕೊಂಡಂತೆ, ಒದ್ದೆ ಕಾಗದದ ಮೇಲಿನ ಶಾಯಿಯ ಗೆರೆಯ ಹಾಗೆ, ಅದು ಹರಡಿಕೊಳ್ಳುತ್ತದೆ. ಲಾವಾ ಹೊರಬಂದು ಬೇಗನೆ ತಣಿದರೆ ಹರಡುವಿಕೆ ಅಲ್ಲಿಗೇ ನಿಲ್ಲುತ್ತದೆ. ಗಡಿಗೆ ಅಡ್ಡಲಾಗಿ ಕೆಲವೇ ಮೈಕ್ರಾನ್ ಅಂತರದಲ್ಲಿ ಬಿಂದುಬಿಂದುವಾಗಿ ಅಳೆದು, ಹರಡಿದ ಅಗಲದಿಂದ ಕಾಲವನ್ನು ಲೆಕ್ಕಹಾಕುತ್ತೇನೆ. ಉತ್ತರ ಕೆಲವು ಹರಳುಗಳಲ್ಲಿ ದಿನಗಳು, ಕೆಲವುಗಳಲ್ಲಿ ವರ್ಷಗಳು.

ಇಲ್ಲಿ ನಾನು ಸ್ವಲ್ಪ ಹಟಮಾರಿ. ಆಲಿವಿನ್ ಹರಳಿನ ಎ, ಬಿ, ಸಿ ಎಂಬ ಮೂರು ದಿಕ್ಕುಗಳಲ್ಲಿ (ಅಕ್ಷಗಳಲ್ಲಿ) ಸಿ ಅಕ್ಷದ ಉದ್ದಕ್ಕೆ ಈ ಹರಡುವಿಕೆ ಉಳಿದೆರಡು ಅಕ್ಷಗಳಿಗಿಂತ ಸುಮಾರು ಆರು ಪಟ್ಟು ವೇಗ. ಹರಳನ್ನು ಯಾವ ದಿಕ್ಕಿನಲ್ಲಿ ಕೊಯ್ಯಲಾಗಿದೆ ಎಂದು ತಿಳಿಯದೆ ಲೆಕ್ಕಕ್ಕೆ ಕೂರುವುದಿಲ್ಲ. ತಾಪಮಾನದ್ದು ಇನ್ನೂ ದೊಡ್ಡ ತಲೆನೋವು. 1150 ಡಿಗ್ರಿ ಸೆಲ್ಸಿಯಸ್ ಬದಲು 1100 ಎಂದು ಹಿಡಿದರೆ ಕಾಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಒಂದೇ ಹರಳಿನಿಂದ ‘ಇಷ್ಟೇ ದಿನ’ ಎಂದು ಘೋಷಿಸುವವರನ್ನು ನಾನು ನಂಬುವುದಿಲ್ಲ. ಅದೇ ಲಾವಾದ ಹತ್ತಾರು ಹರಳುಗಳನ್ನು ಅಳೆದು, ಕಾಲವನ್ನು ಇಷ್ಟರಿಂದ ಇಷ್ಟರವರೆಗೆ ಎಂದು ಬರೆದು, ಜ್ವಾಲಾಮುಖಿಯಡಿಯ ಕಂಪನಗಳ ದಾಖಲೆಯಿದ್ದರೆ ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ.