ಬೆಂಕಿ ಆರಿದ ಮೇಲೆ ಹಸುಗಳನ್ನು ನೋಡಿಕೊಂಡದ್ದು: ನನ್ನ ಅನುಭವ

ಬೆಂಕಿ ಬಿದ್ದ ದಿನ ಊರೆಲ್ಲ ಓಡಿ ಬರುತ್ತದೆ. ಕೊಡ, ಬಕೆಟ್ಟು, ಹಸಿ ಸೊಪ್ಪು, ಯಾರ ಕೈಗೆ ಏನು ಸಿಕ್ಕಿತೋ ಅದು. ಆದರೆ ಹಸುಗಳ ಕಷ್ಟ ಪೂರ್ತಿ ಕಾಣಿಸಿಕೊಳ್ಳುವುದು ಮೂರ್ನಾಲ್ಕು ದಿನ ಆದಮೇಲೆ. ಅಷ್ಟೊತ್ತಿಗೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗಿರುತ್ತಾರೆ. ನಾನು ಬರೆಯಬೇಕು ಅಂದುಕೊಂಡಿದ್ದು ಆ ಮೂರನೇ ದಿನದಿಂದ ಮುಂದಿನದ್ದನ್ನೇ.

ನಮ್ಮದು ಬೆಂಗಳೂರಿನ ಅಂಚು, ಆನೇಕಲ್ ತಾಲ್ಲೂಕು. ಒಂದು ಕಡೆ ಲೇಔಟು, ಇನ್ನೊಂದು ಕಡೆ ಬನ್ನೇರುಘಟ್ಟ ಕಾಡು. ಸೀಮೆ ಹಸು ಸಾಕಿ ಡೈರಿಗೆ ಹಾಲು ಹಾಕುವವರು ನಾವು. ಫೆಬ್ರವರಿ ಕಳೆದರೆ ಬಯಲಿನ ಹುಲ್ಲು, ನೀಲಗಿರಿ ತರಗು ಎಲ್ಲ ಒಣಗಿ ನಿಂತಿರುತ್ತದೆ. ಸೈಟು ಕ್ಲೀನ್ ಮಾಡೋಣ ಅಂತ ಯಾರೋ ಕಡ್ಡಿ ಗೀರಿದರೆ ಸಾಕು. ಹೋದ ಬೇಸಿಗೆಯಲ್ಲಿ ಹಾಗೇ ಆಯಿತು. ಖಾಲಿ ಸೈಟಿನಿಂದ ಹೊರಟ ಬೆಂಕಿ ನೀಲಗಿರಿ ತೋಪು ಹಾದು ಪಕ್ಕದ ಮನೆಯವರ ರಾಗಿ ಹುಲ್ಲಿನ ಮೆದೆಗೆ ಹತ್ತಿತು, ಅಲ್ಲಿಂದ ಕೊಟ್ಟಿಗೆಗೆ. ಹಸುಗಳನ್ನು ಬಿಚ್ಚಿ ಹೊರಗೆ ಹೊಡೆದರು. ಆದರೂ ಎರಡು ಹಸುಗಳಿಗೆ ಸುಟ್ಟಿತ್ತು, ಒಂದು ಕರು ಉಳಿಯಲಿಲ್ಲ. ಆ ಮನೆಯಲ್ಲಿ ಅಣ್ಣ, ಅತ್ತಿಗೆ ಇಬ್ಬರೇ. ಬಯಲಲ್ಲಿ ಕಟ್ಟೋಣ ಅಂದರೆ ನಮ್ಮ ಕಡೆ ಚಿರತೆ ಓಡಾಡುತ್ತದೆ. ಹಾಗಾಗಿ ಹಸುಗಳನ್ನು ನಮ್ಮ ಕೊಟ್ಟಿಗೆಗೇ ಕರೆತಂದೆವು.

ಮೊದಲು ಮಾಡಿದ್ದು ನೀರು ಬಿಟ್ಟಿದ್ದು. ಐಸ್ ಅಲ್ಲ, ಬೋರಿನ ನೀರನ್ನೇ ಪೈಪಿನಲ್ಲಿ ಮೆಲ್ಲಗೆ, ಒಂದೊಂದು ಜಾಗಕ್ಕೂ 20 ನಿಮಿಷದಷ್ಟು. ಅಷ್ಟರಲ್ಲಿ ಒಬ್ಬರು ಅರಿಸಿನ ಎಣ್ಣೆ ತಂದರು, ಇನ್ನೊಬ್ಬರು ಟೂತ್‌ಪೇಸ್ಟ್ ತಂದರು. ಎಲ್ಲರದ್ದೂ ಒಳ್ಳೇ ಮನಸ್ಸೇ. "ಅಜ್ಜಿ, ಡಾಕ್ಟ್ರು ಬರೋವರೆಗೂ ಏನೂ ಹಚ್ಚೋದು ಬೇಡ, ಆಮೇಲೆ ಅದನ್ನ ಕೆರೆದು ತೆಗೀವಾಗ ಹಸುಗೆ ಜೀವ ಹೋಗತ್ತೆ" ಅಂತ ಕೈಮುಗಿದು ಹೇಳಿದೆ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿಯ ಡಾಕ್ಟರು ಬರುತ್ತಾರೆ, ಈ ನಂಬರು ಹಸು ಇರುವ ಪ್ರತಿ ಮನೆಯ ಗೋಡೆ ಮೇಲೂ ಇರಬೇಕು. ನೋವಿಗೆ ಮನೆಯಲ್ಲಿರುವ ಮಾತ್ರೆಯನ್ನೋ ಹಳೇ ಇಂಜೆಕ್ಷನ್ನನ್ನೋ ಕೊಡಬೇಡಿ. ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು 2006ರಲ್ಲೇ ನಿಷೇಧ ಮಾಡಿದ್ದಾರೆ. ಆ ಔಷಧ ಮೈಯಲ್ಲಿರುವ ದನ ಸತ್ತರೆ, ಅದನ್ನು ತಿಂದ ರಣಹದ್ದುಗಳೂ ಸಾಯುತ್ತವೆ. ರಣಹದ್ದುಗಳಿರುವ ರಾಮನಗರದ ರಾಮದೇವರ ಬೆಟ್ಟ ನಮ್ಮಿಂದ ಎಷ್ಟು ದೂರ ಹೇಳಿ. ನಮ್ಮ ಡಾಕ್ಟರು ನೋವಿಗೆ ಮೆಲಾಕ್ಸಿಕಾಮ್ ಕೊಟ್ಟರು, ಸುಟ್ಟ ಗಾಯಕ್ಕೆ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು.

ಈಗ ಮೂರನೇ ದಿನದ ವಿಷಯ. ಬೆಂಕಿಯ ಏಟು ಒಂದೇ ಸಲಕ್ಕೆ ಕಾಣಲ್ಲ. ಮೊದಲ ದಿನ ಬರೀ ಕೂದಲು ಸೀದ ಹಾಗೆ ಕಂಡ ಚರ್ಮ ಆಮೇಲೆ ಗಟ್ಟಿಯಾಗಿ, ಕಪ್ಪಾಗಿ, ಬಿರುಕು ಬಿಟ್ಟು ಕಳಚುತ್ತದೆ. ನಾನು ದಿನಾ ಬೆಳಿಗ್ಗೆ ನಾಲ್ಕು ಜಾಗ ನೋಡುತ್ತಿದ್ದೆ: ಗೊರಸು, ಕೆಚ್ಚಲು, ಕಣ್ಣು, ಉಸಿರು. ಇದರಲ್ಲಿ ಗೊರಸೇ ಮುಖ್ಯ. ಗೊರಸೂ ಚರ್ಮವೂ ಸೇರುವ ಗೆರೆ ಇದೆಯಲ್ಲ, ಅಲ್ಲಿ ಊದಿಕೊಂಡು ನೀರು ಜಿನುಗಿದರೆ ಗೊರಸು ಒಳಗಿಂದ ಬಿಡುತ್ತಿದೆ ಅಂತ ಅರ್ಥ. ಒಂದೆರಡು ವಾರ ಆದಮೇಲೂ ಪೂರ್ತಿ ಕಳಚಿ ಬರಬಹುದು. ಬಿಸಿ ಬೂದಿ ಮೇಲೆ ಓಡಿದ ಹಸುವಿಗೆ ಇದು ಆಗುವುದೇ ಜಾಸ್ತಿ. ಹಾಗಾಗಿ ಸಿಮೆಂಟ್ ನೆಲದ ಮೇಲೆ ದಪ್ಪಗೆ ಹುಲ್ಲು ಹಾಸಿ, ನೀರು, ಮೇವು ಎರಡನ್ನೂ ಮೂತಿ ಹತ್ತಿರವೇ ಇಟ್ಟೆ. ನಡೆಸಲೇ ಇಲ್ಲ.

ಕೆಚ್ಚಲ ಮೊಲೆಗಳ ತುದಿ ಸುಟ್ಟರೆ ಹಾಲು ಹೊರಗೆ ಬರುವ ದಾರಿಯೇ ಮುಚ್ಚಿಕೊಳ್ಳಬಹುದು. ಹಾಲು ಒಳಗೇ ನಿಂತರೆ ಕೆಚ್ಚಲು ಬಾವು. ದೊಡ್ಡ ಹಸುವಿನ ಎರಡು ಮೊಲೆಗಳಲ್ಲಿ ಹಾಗೆ ಆಗುವ ಸೂಚನೆ ಕಂಡಿತು, ಡಾಕ್ಟರು ಸಣ್ಣ ನಳಿಗೆ ಹಾಕಿ ಹಾಲು ಇಳಿಸಿದರು. ಅದನ್ನು ನಾವೇ ಮನೆಯಲ್ಲಿ ಕಡ್ಡಿ ಗಿಡ್ಡಿ ತುರುಕಿ ಮಾಡುವ ಹಾಗಿಲ್ಲ. ಇಂಜೆಕ್ಷನ್ ನಡೆಯುವಷ್ಟು ದಿನ, ಅದು ಮುಗಿದ ಮೇಲೂ ಡಾಕ್ಟರು ಹೇಳಿದಷ್ಟು ದಿನ, ಆ ಹಾಲನ್ನು ಡೈರಿಗೆ ಹಾಕಲಿಲ್ಲ, ಚೆಲ್ಲಿದೆವು. ಹೊಗೆ ಕುಡಿದ ಹಸುವಿಗೆ ತಡವಾಗಿ ನ್ಯುಮೋನಿಯಾ ಬರಬಹುದು. ನೆರಳಲ್ಲಿ ಆರಾಮಾಗಿ ಮಲಗಿರುವ ಹಸು ನಿಮಿಷಕ್ಕೆ 30ರ ಆಸುಪಾಸು ಉಸಿರಾಡುತ್ತದೆ, ಅದಕ್ಕಿಂತ ತುಂಬಾ ಜಾಸ್ತಿಯಾದರೆ, ಕೆಮ್ಮಿದರೆ, ಜ್ವರ 103 ಡಿಗ್ರಿ ದಾಟಿದರೆ ತಕ್ಷಣ ಡಾಕ್ಟರಿಗೆ ಫೋನ್. ನೊಣಕ್ಕೆ ಹಳೇ ಸೊಳ್ಳೆ ಪರದೆ ಇಳಿಬಿಟ್ಟೆವು. ಸುಟ್ಟ ಗಾಯಕ್ಕೆ ಹುಳ ಬಿದ್ದರೆ ಸಾಮಾನ್ಯಕ್ಕೆ ಹೋಗಲ್ಲ.

ಮೇವಿನ ವಿಷಯ ಸ್ವಲ್ಪ ಸೂಕ್ಷ್ಮ. ಸುದ್ದಿ ಕೇಳಿ ಅಪಾರ್ಟ್‌ಮೆಂಟಿನವರು ಕಾರಲ್ಲಿ ಬಂದರು. ಬ್ರೆಡ್ಡು, ಅನ್ನ, ಬಾಳೆಹಣ್ಣು ತಂದಿದ್ದರು. ಅವರ ಪ್ರೀತಿ ದೊಡ್ಡದು. ಆದರೆ ಹುಲ್ಲು ತಿನ್ನುವ ಹಸುವಿಗೆ ಒಮ್ಮೆಲೇ ಅನ್ನ, ಬ್ರೆಡ್ಡು ಹಾಕಿದರೆ ಹೊಟ್ಟೆ ಹುಳಿಯಾಗಿ, ಮೆಲುಕು ನಿಂತು, ಸತ್ತೇ ಹೋಗಬಹುದು. "ಮೇಡಂ, ಇದರ ಬದಲು ಒಂದು ಲೋಡ್ ಹುಲ್ಲು ಕೊಡಿಸಿ" ಅಂತ ನೇರವಾಗಿ ಕೇಳಿದೆ. ಒಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ, ಕೊಡಿಸಿದರು. ಏನು ಬೇಕು ಅಂತ ಬಾಯಿಬಿಟ್ಟು ಕೇಳಿದರೆ ಜನ ಕೊಡುತ್ತಾರೆ. ಜೋಳದ ರಸಮೇವೂ (ಗಾಳಿಯಾಡದಂತೆ ಮುಚ್ಚಿ ಹುಳಿಸಿದ ಹಸಿ ಮೇವು, ಸೈಲೇಜ್) ಬಂತು, ಅದನ್ನು ಮೊದಲ ದಿನ ಒಂದು ಹಿಡಿಯಿಂದ ಶುರುಮಾಡಿ ವಾರಕ್ಕೂ ಮೇಲೆ ತೆಗೆದುಕೊಂಡು ಜಾಸ್ತಿ ಮಾಡುತ್ತಾ ಹೋದೆವು. ಅರ್ಧ ಸುಟ್ಟ ಮೆದೆಯ ಹುಲ್ಲನ್ನು ಮಾತ್ರ ಹಾಕಲಿಲ್ಲ. ಬೆಂಕಿ ಆರಿಸಿದ ನೀರಿಗೆ ನೆಂದು ಬೂಷ್ಟು ಹಿಡಿಯುತ್ತದೆ. ಮೇಲೆ ಆರಿದ ಹಾಗೆ ಕಂಡರೂ ಒಳಗೆ ಕೆಂಡ ಇರುತ್ತದೆ, ಮೆದೆಯನ್ನು ಪೂರ್ತಿ ಕಿತ್ತು ಹರಡಿ ನೀರು ಹೊಡೆಯಲೇಬೇಕು.

ಇನ್ನೊಂದು ವಿಷಯ ಹೇಳಬೇಕು, ಇದು ಯಾರಿಗೂ ಹೊಳೆಯಲ್ಲ. ಸುಟ್ಟ ಕೊಟ್ಟಿಗೆಯ ಬೂದಿಯಲ್ಲಿ ಮೊಳೆ, ತಂತಿ ತುಂಡು ರಾಶಿ ಇರುತ್ತದೆ. ಹಸು ಮೇವನ್ನು ಆರಿಸಿ ತಿನ್ನಲ್ಲ, ಹಾಗೇ ನುಂಗುತ್ತದೆ. ನುಂಗಿದ ತಂತಿ ಹೊಟ್ಟೆಯಿಂದ ಚುಚ್ಚಿಕೊಂಡು ಹೃದಯದ ತನಕ ಹೋಗಬಹುದು. ಊರಿನ ಹುಡುಗರು ಹಳೇ ಸ್ಪೀಕರಿನ ಮ್ಯಾಗ್ನೆಟ್‌ಗೆ ಹಗ್ಗ ಕಟ್ಟಿಕೊಂಡು ಇಡೀ ಜಾಗ ಎಳೆದಾಡಿದರು. ಮಂಕರಿ ತುಂಬಾ ಮೊಳೆ ಸಿಕ್ಕಿತು. ಆಮೇಲೇ ಅಲ್ಲಿ ಹಸು ಬಿಟ್ಟಿದ್ದು.

ಆದರೆ ಬೂದಿ ಎತ್ತುವ ಮುಂಚೆ ಫೋಟೋ ತೆಗೆಯಬೇಕು, ಗ್ರಾಮ ಆಡಳಿತ ಅಧಿಕಾರಿಯನ್ನು (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು) ಕರೆಸಿ ಪಂಚನಾಮೆ ಮಾಡಿಸಬೇಕು. ಸತ್ತ ದನವನ್ನು ಡಾಕ್ಟರು ಪೋಸ್ಟ್‌ಮಾರ್ಟಮ್ ಮಾಡದೆ ಹೂಳಬಾರದು, ದನದ ಕಿವಿಗೆ ಹಾಕಿರುವ ನಂಬರಿನ ಓಲೆಯನ್ನೂ ಬಿಸಾಕಬಾರದು, ಇನ್ಶೂರೆನ್ಸ್‌ಗೆ ಅದು ಬೇಕು. ಸರ್ಕಾರದ ವಿಪತ್ತು ಪರಿಹಾರ 2022ರ ಲೆಕ್ಕದಲ್ಲಿ ಹಾಲು ಕೊಡುವ ಹಸುವಿಗೆ 37,500 ರೂಪಾಯಿ. ಒಳ್ಳೇ ಸೀಮೆ ಹಸುವಿನ ಬೆಲೆಗೆ ಅದು ಸಾಲದು, ಆದರೂ ಬಿಡಬಾರದು. ಕರು ಹೋದ ಸಂಕಟದಲ್ಲಿ ಅತ್ತಿಗೆಗೆ ಇದೆಲ್ಲ ಹೇಳುವುದು ಹೇಗೆ? ಹಾಗಾಗಿ ನಾನೇ ಅವರ ಜೊತೆ ತಾಲ್ಲೂಕು ಆಫೀಸಿಗೆ ಓಡಾಡಿದೆ. ಅಕ್ಕಪಕ್ಕದವರು ಮಾಡಬಹುದಾದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು.

2024ರ ಫೆಬ್ರವರಿ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ 10 ಲಕ್ಷ ಎಕರೆಗೂ ಜಾಸ್ತಿ ಹುಲ್ಲುಗಾವಲು ಸುಟ್ಟು ಸಾವಿರಾರು ದನ ಸತ್ತವು. ದೂರದ ರಾಜ್ಯಗಳ ರೈತರು ಲಾರಿಗಟ್ಟಲೆ ಹುಲ್ಲು ಕಳಿಸಿದ್ದನ್ನು ಆಗ ಓದಿದ್ದೆ. ನಮ್ಮ ಊರಲ್ಲೂ ಹುಲ್ಲು ಕೊಡುವವರು ಬೇಕಾದಷ್ಟು ಜನ ಇದ್ದರು, ಆದರೆ ಎಲ್ಲರೂ ಮೊದಲ ವಾರವೇ ಕೊಡಲು ಹೊರಟರು. ಇಡುವುದೆಲ್ಲಿ? ಮಳೆ ಬಂದರೆ ನೆನೆಯುತ್ತದೆ. ರಾಗಿ ಕೊಯ್ಲು ಆಗಿ ಹೊಸ ಹುಲ್ಲು ಬರುವುದು ನವೆಂಬರ್ ಡಿಸೆಂಬರಿಗೆ, ಅಲ್ಲಿಯವರೆಗೆ ಒಂದು ಹಸುವಿಗೆ ದಿನಕ್ಕೆ 5-6 ಕೆಜಿ ಒಣ ಹುಲ್ಲಾದರೂ ಬೇಕು. ಡೈರಿ ಮುಂದೆ ಕೂತು ಮಾತಾಡಿ ಒಂದೊಂದು ತಿಂಗಳನ್ನು ಒಂದೊಂದು ಮನೆಗೆ ಹಂಚಿದೆವು. ಹುಲ್ಲು ಅವರವರ ಮೆದೆಯಲ್ಲೇ ಇರಲಿ, ನಿಮ್ಮ ತಿಂಗಳು ಬಂದಾಗ ಕೊಡಿ ಅಂತ. ಹಾಲು ಕರೆಯುವುದಕ್ಕೆ, ರಾತ್ರಿ ಹಸು ನೋಡುವುದಕ್ಕೂ ಹೀಗೇ ಸರದಿ. ನೆಲ ಹಿಡಿದ ಮನೆಯವರು ಸ್ವಲ್ಪ ಎದ್ದು ಕೂತಿದ್ದು ಇದರಿಂದಲೇ ಅಂತ ನನ್ನ ನಂಬಿಕೆ. ಅಣ್ಣ ಒಂದು ದಿನ "ಹುಲ್ಲಿಗಿಂತ, ಆಗಸ್ಟಿನಲ್ಲೂ ಯಾರೋ ಬರ್ತಾರೆ ಅನ್ನೋದೇ ಧೈರ್ಯ ಕೊಟ್ಟಿದ್ದು ಕಣಮ್ಮಾ" ಅಂದರು.

ಎರಡೂ ಹಸು ಬದುಕಿವೆ, ದೊಡ್ಡದರ ಒಂದು ಮೊಲೆ ಹೋಯಿತು. ಈ ಸಲ ಜನವರಿಯಲ್ಲೇ ಎಲ್ಲರೂ ಸೇರಿ ಬೇಲಿ ಉದ್ದಕ್ಕೂ ಟ್ರ್ಯಾಕ್ಟರಿನಲ್ಲಿ ಅಗಲಕ್ಕೆ ಉತ್ತು ಹುಲ್ಲು ತೆಗೆಸಿದ್ದೇವೆ. ಮೆದೆಗಳನ್ನು ಕೊಟ್ಟಿಗೆಯಿಂದ ದೂರ ಹಾಕಿದ್ದೇವೆ. ಹಸುವಿನ ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಜಾರುಗಂಟಿನಲ್ಲಿ ಕಟ್ಟುವುದನ್ನು ಮನೆಯ ಮಕ್ಕಳಿಗೂ ಕಲಿಸಿದ್ದೇವೆ. ಖಾಲಿ ಸೈಟಿನ ಓನರುಗಳು ನಗರದಲ್ಲಿರುತ್ತಾರೆ. ಅವರ ಫೋನ್ ನಂಬರು ಹುಡುಕಿ, ಕಸಕ್ಕೆ ಬೆಂಕಿ ಹಾಕಿಸಬೇಡಿ, ನಾವೇ ಹುಲ್ಲು ಕೊಯ್ದುಕೊಳ್ಳುತ್ತೇವೆ ಅಂತ ಕೇಳುತ್ತಿದ್ದೇವೆ. ಕೆಲವರು ಒಪ್ಪಿದ್ದಾರೆ, ಉಳಿದವರಿಗೆ ಇನ್ನೂ ಫೋನ್ ಮಾಡಬೇಕು.