ಕಡಲಗಾಳಿಯಲ್ಲಿ ನಿಂತ ಹಳೆಯ ಯುದ್ಧವಿಮಾನ: ನಾವು ಕಾಪಾಡಿದ ಬಗೆ

ಬಯಲಲ್ಲಿ ನಿಲ್ಲಿಸಿದ ಹಳೆಯ ವಿಮಾನ ಹೇಗಿದೆ ಎಂದು ತಿಳಿಯಬೇಕಾದರೆ ಅದರ ಹೊಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಮೇಲೆ ನೋಡಬೇಕು. ಬೆನ್ನ ಮೇಲೆ ಹೊಸ ಬಣ್ಣ ಹೊಳೆಯುತ್ತಿರಬಹುದು. ಆದರೆ ಹೊಟ್ಟೆಯ ಸಣ್ಣ ತೂತುಗಳಿಂದ ಕಂದು ನೀರಿನ ಗೆರೆ ಇಳಿದಿದ್ದರೆ, ಎರಡು ರಿವೆಟ್‌ಗಳ ನಡುವೆ ತಗಡು ಹಪ್ಪಳದಂತೆ ಉಬ್ಬಿದ್ದರೆ, ಒಳಗೆ ಲೋಹ ಕರಗುತ್ತಿದೆ ಎಂದೇ ಅರ್ಥ. ಅಲ್ಯೂಮಿನಿಯಂ ಕೊಳೆತಾಗ ಬರುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಆ ಪುಡಿಯೇ ಒಳಗಿನಿಂದ ತಗಡನ್ನು ತಳ್ಳಿ ಉಬ್ಬಿಸುತ್ತದೆ.

ಗೋವಾದ ವಾಸ್ಕೊದಿಂದ ಬೋಗ್ಮಾಳೊಗೆ ಹೋಗುವ ರಸ್ತೆಯಲ್ಲಿ ನೌಕಾ ವಿಮಾನಯಾನ ಸಂಗ್ರಹಾಲಯವಿದೆ. ತೆರೆದದ್ದು 1998ರ ಅಕ್ಟೋಬರ್‌ನಲ್ಲಿ. ಸೋಮವಾರ ರಜೆ. ಅಲ್ಲಿಗೆ ಹೋಗುವವರು ಒಳಗಿನ ಗ್ಯಾಲರಿಗಿಂತ ಮೊದಲು ಹೊರಗಿನ ವಿಮಾನಗಳನ್ನು ಬೆಳಿಗ್ಗೆಯೇ ನೋಡಿಬಿಡಿ. ಬಿಸಿಲು ಓರೆಯಾಗಿ ಬಿದ್ದಾಗ ತಗಡಿನ ಏರುತಗ್ಗು, ರಿವೆಟ್ ಸಾಲು, ಹಳೆಯ ಅಕ್ಷರದ ಅಂಚು ಎಲ್ಲ ಎದ್ದು ಕಾಣುತ್ತವೆ. ಮಧ್ಯಾಹ್ನ ಇವೇನೂ ಕಾಣುವುದಿಲ್ಲ. ಸೀ ಹಾಕ್ ಎಂಬ ಜೆಟ್ ಯುದ್ಧವಿಮಾನದ ಎಂಜಿನ್ ಒಂದೇ ಆದರೂ ಬಿಸಿಗಾಳಿಯ ಕೊಳವೆ ಕವಲೊಡೆದು ಎರಡೂ ರೆಕ್ಕೆಯ ಬುಡದಲ್ಲಿ ಹೊರಬರುವುದನ್ನು ನೋಡಿ. ಅಲಿಝೆ ವಿಮಾನದ ಹೊಟ್ಟೆಯಲ್ಲಿ ರಾಡಾರ್ ಡಬ್ಬ ಒಳಗೆಳೆದುಕೊಳ್ಳುವ ಜಾಗ, ಸೀ ಹ್ಯಾರಿಯರ್‌ನ ನಾಲ್ಕು ತಿರುಗು ನಳಿಗೆಗಳು, ವಿಮಾನವಾಹಕ ಹಡಗಿನಲ್ಲಿ ಜಾಗ ಉಳಿಸಲು ಮಡಚುವ ರೆಕ್ಕೆಗಳ ಕೀಲು, ಇವೆಲ್ಲ ನೋಡಲು ಚೆಂದ. ಕಾಪಾಡುವವರಿಗೆ ಇವೇ ತಲೆನೋವಿನ ಜಾಗಗಳು, ಏಕೆಂದರೆ ಪ್ರತಿಯೊಂದೂ ಮಳೆನೀರು ಒಳಹೋಗುವ ಬಾಗಿಲು. ಈ ಸೀ ಹಾಕ್‌ಗಳ ಸಂಗಾತಿಗಳು 1971ರ ಡಿಸೆಂಬರ್ 4ರಂದು ವಿಮಾನವಾಹಕ ಹಡಗು ವಿಕ್ರಾಂತ್‌ನಿಂದ ಎದ್ದು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ಆ ವಿಕ್ರಾಂತ್ ಹಡಗೇ ಮುಂಬೈಯಲ್ಲಿ ಗುಜರಿಗೆ ಹೋಯಿತು, 2014ರಲ್ಲಿ ಒಡೆಯಲು ಶುರುಮಾಡಿದರು. ಅದರ ಮೇಲಿಂದ ಹಾರಿದ ವಿಮಾನಗಳಾದರೂ ಉಳಿಯಬೇಕು.

ಇಲ್ಲಿ ಬರೆಯುತ್ತಿರುವುದು ವಾಸ್ಕೊ ಕಡೆ ಬಯಲಲ್ಲಿದ್ದ 1950ರ ದಶಕದ ಒಂದು ಒಂಟಿ ಸೀಟಿನ ಜೆಟ್ ಮೇಲೆ ನಾವು ಮಾಡಿದ ಕೆಲಸ. ತಂಡದಲ್ಲಿ ವಿಮಾನ ನಿರ್ವಹಣೆಯಿಂದ ನಿವೃತ್ತರಾದವರು, ಗ್ಯಾರೇಜಿನ ಪೇಂಟರ್‌ಗಳು, ವೆಲ್ಡರ್‌ಗಳು ಇದ್ದೆವು. ಅಟ್ಟಣಿಗೆ ಮೇಲೆ ನಡೆಯುತ್ತಿದ್ದ ಮಾತೆಲ್ಲ ವಿಜಯಪುರ, ಬಾಗಲಕೋಟೆ ಕಡೆಯ ಕನ್ನಡವೇ.

ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಆದರೂ ಮಳೆಗಾಲಕ್ಕಿಂತ ಬೇಸಗೆಯೇ ಹೆಚ್ಚು ಕೆಡಿಸುತ್ತದೆ. ಜೋರು ಮಳೆ ಮೇಲಿನ ಉಪ್ಪನ್ನಾದರೂ ತೊಳೆಯುತ್ತದೆ. ಬೇಸಗೆಯಲ್ಲಿ ಕಡಲಗಾಳಿ ದಿನವೂ ಉಪ್ಪು ತಂದು ಕೂರಿಸುತ್ತದೆ, ರಾತ್ರಿ ಇಬ್ಬನಿ ಅದನ್ನು ಕರಗಿಸುತ್ತದೆ, ಬೆಳಿಗ್ಗೆ ಬಿಸಿಲು ಒಣಗಿಸುತ್ತದೆ. ಹೀಗೆ ನೂರಾರು ಸಲ ನಡೆದಾಗ ತಗಡಿನ ಸಂದಿಯಲ್ಲಿ ಉಪ್ಪು ಗಟ್ಟಿಯಾಗುತ್ತಾ ಹೋಗುತ್ತದೆ. ರೆಕ್ಕೆಯ ಕೆಳಭಾಗಕ್ಕೆ ಮಳೆಯೂ ತಾಗುವುದಿಲ್ಲವಾದ್ದರಿಂದ ಅಲ್ಲಿನ ಉಪ್ಪು ವರ್ಷಗಟ್ಟಲೆ ಹಾಗೇ ಇರುತ್ತದೆ. ಮೊದಲು ಕೆಡುವುದೂ ಅದೇ.

ಒಂದು ಸ್ಕ್ರೂ ಬಿಚ್ಚುವ ಮುಂಚೆ ಆಗಬೇಕಾದ ಕೆಲಸಗಳಿವೆ, ಇವುಗಳಲ್ಲಿ ರಿಯಾಯಿತಿ ಇಲ್ಲ. ಪೈಲಟ್ ಹೊರಹಾರುವ ಸೀಟಿನಲ್ಲಿ ಸಿಡಿಮದ್ದಿನ ಕಾರ್ಟ್ರಿಜ್ ಇರುತ್ತದೆ. ಅವನ್ನೆಲ್ಲ ತೆಗೆಯಲಾಗಿದೆ ಎಂದು ಶಸ್ತ್ರಾಸ್ತ್ರ ವಿಭಾಗದವರು ಬರೆದು ಕೊಡುವವರೆಗೆ ಕಾಕ್‌ಪಿಟ್‌ಗೆ ಯಾರೂ ಹತ್ತಬಾರದು. ಸೀ ಹ್ಯಾರಿಯರ್ ಮಾದರಿಯ ವಿಮಾನವಾದರೆ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳದಲ್ಲೇ, ಅಂದರೆ ಕ್ಯಾನೊಪಿಯಲ್ಲೇ, ಹಾವಿನಂತೆ ಹರಿದ ಸಿಡಿತಂತಿ ಇರುತ್ತದೆ, ಅದನ್ನೂ ಕೇಳಿ ಖಚಿತಪಡಿಸಿಕೊಳ್ಳಬೇಕು. ಚಕ್ರದ ಕಾಲುಗಳಲ್ಲಿ ಒತ್ತಡದ ಅನಿಲವಿರುತ್ತದೆ, ಅದನ್ನು ವಾಲ್ವ್ ಮೂಲಕ ನಿಧಾನ ಬಿಡಬೇಕು. ವಿಮಾನದ ಚಕ್ರ ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ್ದು. ಟೈರಿನಲ್ಲಿ ಗಾಳಿ ಇರುವಾಗ ಆ ಬೋಲ್ಟ್ ಸಡಿಲಿಸಿದರೆ ಹೋಳು ಸಿಡಿದು ಎದುರಿಗಿದ್ದವರ ಜೀವ ಹೋಗುತ್ತದೆ. ಮೊದಲು ಗಾಳಿ ಪೂರ್ತಿ ಬಿಟ್ಟು ವಾಲ್ವ್‌ನ ಒಳಗಿನ ಪಿನ್ ತೆಗೆಯಿರಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಆ ಕಾಲದ ಬ್ರಿಟಿಷ್ ವಿಮಾನಗಳ ಮೀಟರ್ ಮುಖಗಳಲ್ಲಿ ಕತ್ತಲಲ್ಲಿ ಹೊಳೆಯಲು ವಿಕಿರಣ ಸೂಸುವ ರೇಡಿಯಂ ಬಣ್ಣ ಹಾಕುತ್ತಿದ್ದರು. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿಲ್ಲ, ಅದು ಅರ್ಧವಾಗಲು 1600 ವರ್ಷ ಬೇಕು. ಗಾಜು ಒಡೆದ ಮೀಟರ್ ಮುಟ್ಟಬಾರದು, ಯಾವ ಮೀಟರನ್ನೂ ಬಿಚ್ಚಬಾರದು. ಮುಚ್ಚಿದ ಕಾಕ್‌ಪಿಟ್‌ನಲ್ಲಿ ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಕೂಡಿಕೊಳ್ಳುವುದರಿಂದ ಕ್ಯಾನೊಪಿ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಟ್ಟು ಆಮೇಲೆ ಕೆಲಸ ಶುರು. ವಿಕಿರಣ ಮಾಪಕದಿಂದ ಅಳೆಯಿಸಿ, ಮೀಟರ್ ತೆಗೆಯಲೇಬೇಕೆಂದರೆ ಮುಂಬೈಯ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಹೋಗುವುದೇ ಸರಿ.

ಆಮೇಲೆ ಪರೀಕ್ಷೆ. ಪೂರ್ತಿ ಮೈಯನ್ನು ಅರ್ಧ ಮೀಟರ್ ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೆ ಸಂಖ್ಯೆ ಕೊಟ್ಟು, ಫೋಟೊ ತೆಗೆದೆವು. ಗುರುತು ಹಾಕಲು ಮೇಣದ ಪೆನ್ಸಿಲ್ ಬಳಸಬೇಕು. ಮಾಮೂಲಿ ಸೀಸದಕಡ್ಡಿಯಲ್ಲಿರುವುದು ಗ್ರಾಫೈಟ್. ಬರಿ ಅಲ್ಯೂಮಿನಿಯಂ ಮೇಲೆ ಅದರಿಂದ ಗೆರೆ ಎಳೆದರೆ ತೇವ ಸೇರಿದಾಗ ಬ್ಯಾಟರಿಯಂತೆ ಕೆಲಸ ಮಾಡಿ, ಆ ಗೆರೆಯುದ್ದಕ್ಕೂ ಲೋಹವನ್ನೇ ತಿನ್ನುತ್ತದೆ. ಎಲ್ಲಿ ಉಪ್ಪಿದೆ ಎಂದು ತಿಳಿಯಲು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಹತ್ತಿಯನ್ನು ತಗಡಿಗೆ ಎರಡು ನಿಮಿಷ ಒತ್ತಿ ಹಿಡಿದು, ಹಿಂಡಿದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ ಬಿಡಿ. ಹಾಲಿನಂತೆ ಬೆಳ್ಳಗಾದರೆ ಉಪ್ಪಿದೆ. ನಲ್ಲಿ ನೀರಿನಲ್ಲಿ ಈ ಪರೀಕ್ಷೆ ನಡೆಯದು, ಅದರಲ್ಲೇ ಕ್ಲೋರೈಡ್ ಇರುತ್ತದೆ. ನಮ್ಮ ವಿಮಾನದಲ್ಲಿ ಬೆನ್ನಿನ ಚೌಕಗಳು ಬಹುತೇಕ ತಿಳಿಯಾಗಿದ್ದವು. ರೆಕ್ಕೆಯಡಿಯದು, ಚಕ್ರ ಒಳಗೆ ಸೇರುವ ಗೂಡಿನದು ಗಟ್ಟಿ ಹಾಲಾಯಿತು.

ಈಗ ಮುಖ್ಯ ವಿಷಯ, ನೀರಿನ ದಾರಿ. ವಿಮಾನದ ಹೊಟ್ಟೆಯಲ್ಲಿ, ರೆಕ್ಕೆಯಡಿಯಲ್ಲಿ ಕಟ್ಟುವಾಗಲೇ ನೀರು ಬಸಿಯುವ ತೂತುಗಳನ್ನು ಬಿಟ್ಟಿರುತ್ತಾರೆ. ವಿಮಾನ ತನ್ನ ಚಕ್ರಗಳ ಮೇಲೆ ಮಾಮೂಲಿನಂತೆ ನಿಂತಾಗ ಅವು ಅತಿ ಕೆಳಗಿನ ಬಿಂದುವಿನಲ್ಲಿರುತ್ತವೆ. ಪ್ರದರ್ಶನಕ್ಕೆ ಇಟ್ಟ ಮೇಲೆ ಎರಡು ತಪ್ಪುಗಳಾಗುತ್ತವೆ. ಒಂದು, ಕಾಲಿನ ಅನಿಲ ಸೋರಿ, ಟೈರು ಕುಸಿದು ವಿಮಾನದ ನಿಲುವು ಬದಲಾಗುತ್ತದೆ, ತೂತು ಮೇಲಾಗಿ ನೀರು ಬೇರೆ ಮೂಲೆಯಲ್ಲಿ ನಿಲ್ಲುತ್ತದೆ. ಇನ್ನೊಂದು, ತೂತೇ ಮುಚ್ಚಿಹೋಗುತ್ತದೆ. ಕುಂಬಾರಹುಳುಗಳಿಗೆ 6 ಮಿ.ಮೀ. ತೂತು ಎಂದರೆ ಕಟ್ಟಿಕೊಟ್ಟ ಮನೆ. ಅವು ಬಿಟ್ಟ ಜಾಗವನ್ನು ಪೇಂಟರ್‌ಗಳು ಮುಚ್ಚಿರುತ್ತಾರೆ, ಪ್ರತಿ ಸಲ ಬಳಿದ ಬಣ್ಣ ತೂತಿನ ಬಾಯಿಗೆ ಪೊರೆ ಕಟ್ಟುತ್ತದೆ. ನಮ್ಮ ಜೆಟ್‌ನಲ್ಲಿ ಹೊಟ್ಟೆಯ ಒಂದು ಪ್ಯಾನೆಲ್ ಇಳಿಸಿದಾಗ ಒಂಬತ್ತು ಲೀಟರ್ ಕೆಂಪು ನೀರು ಬಂತು. ಕೆಂಪು ಬಣ್ಣ ಮುರಕಲ್ಲಿನ ಮಣ್ಣಿನದು, ಗಾಳಿಯಲ್ಲಿ ಬಂದು ಒಳಗೆ ಕೆಸರಾಗಿ ಸ್ಪಂಜಿನಂತೆ ತೇವ ಹಿಡಿದುಕೊಂಡಿತ್ತು.

ತೂತುಗಳನ್ನು ಉಕ್ಕಿನ ತಂತಿಯಿಂದ ಕೆದಕಬೇಡಿ, ಅಂಚು ಗೀಚಿ ಅಲ್ಲೇ ಹೊಸ ಕೊಳೆತ ಶುರುವಾಗುತ್ತದೆ. ನೈಲಾನ್ ಕಡ್ಡಿ ಸಾಕು. ನಿಲುವು ಸರಿಪಡಿಸಲು ಜ್ಯಾಕ್ ಮೇಲೆತ್ತಿ, ಜ್ಯಾಕ್ ಬಿಂದುಗಳಡಿ ಉಕ್ಕಿನ ಸ್ಟ್ಯಾಂಡ್ ಕೊಟ್ಟೆವು. ಟೈರಿನ ಮೇಲಿನ ಭಾರ ಹೋಯಿತು, ಕಾಲು ಕುಸಿಯದಂತೆ ಎರಡು ಹೋಳಿನ ಕೊಳವೆಪಟ್ಟಿ ಹಾಕಿ ಬಿಗಿದೆವು. ಮೂತಿ 2 ಡಿಗ್ರಿ ಮೇಲಿರಬೇಕಿತ್ತು. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 4 ಮೀಟರ್ ಇದ್ದರೆ ಅದಕ್ಕೆ ಮುಂದೆ 14 ಸೆಂ.ಮೀ. ಎತ್ತಿದರೆ ಸರಿಹೋಗುತ್ತದೆ. ಸ್ಟ್ಯಾಂಡಿನ ಉಕ್ಕು ಅಲ್ಯೂಮಿನಿಯಂಗೆ ನೇರ ತಾಗದಂತೆ ನಡುವೆ ನೈಲಾನ್ ಹಲಗೆ ಕೊಡಬೇಕು. ಮರದ ಹಲಗೆ ಬೇಡ, ನೀರು ಕುಡಿದು ಕೂರುತ್ತದೆ. ಹೊಸ ತೂತು ಕೊರೆಯುವ ಸಲಹೆ ಬಂದಿತ್ತು, ಒಪ್ಪಲಿಲ್ಲ. ನಿಲುವು ಬದಲಿಸಿದ್ದನ್ನು ನಾಳೆ ಯಾರಾದರೂ ಮೊದಲಿನಂತೆ ಮಾಡಬಹುದು. ಕೊರೆದ ತೂತನ್ನು ವಾಪಸು ತರಲಾಗದು.

ತೊಳೆಯುವಾಗ ಸೋಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ಶುದ್ಧ ನೀರನ್ನು ಮೇಲಿನಿಂದ ಕೆಳಕ್ಕೆ ಬಿಡಬೇಕು. ತಿರುಗಾಮುರುಗಾ ಮಾಡಿದರೆ ಒಣ ತಗಡಿನ ಮೇಲೆ ಸೋಪಿನ ಗೆರೆ ನಿಂತುಬಿಡುತ್ತದೆ. ಬಟ್ಟೆ ಸೋಪಿನ ಪುಡಿ, ಸೋಡ ಎರಡೂ ಕ್ಷಾರ, ಅಲ್ಯೂಮಿನಿಯಂ ತಿನ್ನುತ್ತವೆ. ಹಾಗಾಗಿ ಪಿಎಚ್ 7ರ ಆಸುಪಾಸಿನ, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ ದ್ರವ ಸೋಪು ಬೇಕು. ಕಾರು ತೊಳೆಯುವ ಹೈ ಪ್ರೆಶರ್ ಪಂಪನ್ನು ಹತ್ತಿರ ತರಲೇಬಾರದು, ಅದು ಉಪ್ಪುನೀರನ್ನು ಸಂದಿಯೊಳಗೆ ಇನ್ನೂ ಆಳಕ್ಕೆ ನುಗ್ಗಿಸುತ್ತದೆ.

ಹಳೆ ಬಣ್ಣ ತೆಗೆಯುವ ಮೊದಲು ಅದನ್ನು ಓದಬೇಕು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ 400, 800, 1200ರ ಪಾಲಿಶ್ ಪೇಪರ್‌ನಿಂದ ನೀರು ಹಾಕಿ ಇಳಿಜಾರಾಗಿ ಉಜ್ಜಿದರೆ ಮರದ ಉಂಗುರಗಳಂತೆ ಪದರಗಳು ತೆರೆದುಕೊಳ್ಳುತ್ತವೆ. ನಮಗೆ ಏಳು ಪದರ ಸಿಕ್ಕವು, ಮೇಲಿನ ನಾಲ್ಕು ಪ್ರದರ್ಶನಕ್ಕೆ ಬಳಿದವು. ಕೆಳಗಿನ ಅಂಕಿ, ಎಚ್ಚರಿಕೆಯ ಬರಹಗಳನ್ನು ಪಾರದರ್ಶಕ ಹಾಳೆಯಲ್ಲಿ ಅಳತೆ ಸಮೇತ ನಕಲು ತೆಗೆದುಕೊಂಡೆವು. ಯಾವ ವರ್ಷದ ರೂಪಕ್ಕೆ ತರುವುದು ಎಂದು ಮೊದಲೇ ನಿರ್ಧರಿಸಿ. ಒಂದು ದಶಕದ ಬಾಲದ ಚಿಹ್ನೆ, ಇನ್ನೊಂದರ ಅಂಕಿ ಸೇರಿಸಿದರೆ ಅಂಥ ವಿಮಾನ ಯಾವತ್ತೂ ಹಾರಿರಲಿಲ್ಲ.

ಅಡಿಪದರದ ಹಳದಿ-ಹಸಿರು ಪ್ರೈಮರ್ ಜಿಂಕ್ ಕ್ರೋಮೇಟ್, ಅದರ ಧೂಳು ಕ್ಯಾನ್ಸರ್ ತರುವಂಥದ್ದು. ಒಣ ಉಜ್ಜುವಿಕೆ ಸಂಪೂರ್ಣ ನಿಷಿದ್ಧ. ಉಜ್ಜಿದ ನೀರನ್ನೂ ಡ್ರಮ್ಮಿನಲ್ಲಿ ಹಿಡಿದು ಅಪಾಯಕಾರಿ ತ್ಯಾಜ್ಯವಾಗಿ ಕಳಿಸಬೇಕು, ಮುರಕಲ್ಲಿನ ನೆಲದಲ್ಲಿ ಸುರಿದರೆ ಸೀದಾ ಬಾವಿಗೆ ಹೋಗುತ್ತದೆ. ಉಕ್ಕಿನ ಬ್ರಷ್, ಉಕ್ಕಿನ ನಾರು ಮುಟ್ಟಬಾರದು, ಅದರ ಚೂರು ಅಲ್ಯೂಮಿನಿಯಂನಲ್ಲಿ ಕಚ್ಚಿಕೊಂಡು ತಿಂಗಳೊಳಗೆ ಕೆಂಪು ಚುಕ್ಕೆಯಾಗುತ್ತದೆ. ಚಕ್ರದ ಕಾಲಿನ ಉಕ್ಕಿಗೆ ತುಕ್ಕು ತೆಗೆಯುವ ಆಮ್ಲ ಹಚ್ಚಬಾರದು. ಅಷ್ಟು ಗಡುಸಾದ ಉಕ್ಕು ಆಮ್ಲದಿಂದ ಹೈಡ್ರೋಜನ್ ಹೀರಿ ಪೆಡಸಾಗಿ, ಹೇಳದೆ ಕೇಳದೆ ಬಿರಿಯುತ್ತದೆ. ಬೇರೆ ಲೋಹಗಳ ನಡುವೆ ಅತಿ ಬೇಗ ಹೋಗುವುದು ಮೆಗ್ನೀಷಿಯಂ. ಉಕ್ಕಿನ ಬೋಲ್ಟ್ ಸುತ್ತ ಬೂದಿಯಂತಾಗಿದ್ದರೆ ಬೋಲ್ಟ್ ಬಿಚ್ಚಿ, ಸ್ವಚ್ಛ ಮಾಡಿ, ಸೀಲಂಟ್ ಹಚ್ಚಿ ಕೂರಿಸಬೇಕು.

ಸ್ವಾತಿ ಮಳೆ ಮುಗಿಯುವವರೆಗೆ ಬಣ್ಣದ ಡಬ್ಬ ತೆರೆಯಬೇಡಿ. ನವೆಂಬರ್ ನಡುವಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ, ಆಗಲೂ ಇಬ್ಬನಿಯ ಲೆಕ್ಕ ಬೇಕು. ಗಾಳಿ 28 ಡಿಗ್ರಿ, ತೇವಾಂಶ ಶೇ. 75 ಇದ್ದರೆ ಸುಮಾರು 23 ಡಿಗ್ರಿಯಲ್ಲಿ ಇಬ್ಬನಿ ಕಟ್ಟುತ್ತದೆ. ತಗಡು ಅದಕ್ಕಿಂತ ಕನಿಷ್ಠ 3 ಡಿಗ್ರಿ, ಅಂದರೆ 26ಕ್ಕಿಂತ ಬೆಚ್ಚಗಿರಬೇಕು. ಅಳೆಯಬೇಕಾದ್ದು ತಗಡನ್ನು, ಗಾಳಿಯನ್ನಲ್ಲ. ರಾತ್ರಿಯಿಡೀ ಆಕಾಶಕ್ಕೆ ತೆರೆದಿದ್ದ ರೆಕ್ಕೆ ಗಾಳಿಗಿಂತ ತಣ್ಣಗಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಮೂರಕ್ಕೆ ಸ್ಪ್ರೇ ಗನ್ ಕೆಳಗೆ. ಎರಡು ಡಬ್ಬ ಬೆರೆಸುವ ಎಪಾಕ್ಸಿ ಪ್ರೈಮರ್ 20ರಿಂದ 25 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ, ಅದರ ಮೇಲೆ ಪಾಲಿಯುರೆಥೇನ್ 50ರಿಂದ 60 ಮೈಕ್ರಾನ್. ಪಾಲಿಯುರೆಥೇನ್‌ನ ಗಟ್ಟಿಕಾರಕ ತೇವದೊಂದಿಗೆ ಸೇರಿದರೆ ಅನಿಲ ಬಿಟ್ಟು ಗುಳ್ಳೆ ಏಳುತ್ತದೆ. ಅದರ ಆವಿ ಶ್ವಾಸಕೋಶಕ್ಕೆ ಹೋದರೆ ಜೀವನಪೂರ್ತಿ ಉಬ್ಬಸ ಬರಬಹುದು. ಮುಖಕ್ಕೆ ಟವೆಲ್ ಸುತ್ತಿಕೊಂಡು ಸ್ಪ್ರೇ ಮಾಡುವ ಗ್ಯಾರೇಜಿನ ರೂಢಿಯನ್ನು ನಾವು ನಿಲ್ಲಿಸಿದೆವು, ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಕಡ್ಡಾಯ ಮಾಡಿದೆವು.

ಕ್ಯಾನೊಪಿ ಗಾಜಲ್ಲ, ಅಕ್ರಿಲಿಕ್. ತಿನ್ನರ್, ಪೆಟ್ರೋಲ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ ಯಾವುದು ತಾಗಿದರೂ ಒಳಗೆ ಜೇಡರಬಲೆಯಂಥ ಬಿರುಕು ಹುಟ್ಟುತ್ತದೆ. ಮೊದಲು ಧಾರಾಳ ನೀರು, ಆಮೇಲೆ ಸೋಪಿನ ನೀರಿನಲ್ಲಿ ಬರಿಗೈ, ಉಂಗುರ ತೆಗೆದಿಟ್ಟು. ಹೊದಿಕೆ ಬಿಳಿ ಹತ್ತಿಯ ಕ್ಯಾನ್ವಾಸ್ ಇರಲಿ. ಪ್ಲಾಸ್ಟಿಕ್ ತಾಡಪಾಲು ಒಳಗೆ ಬೆವರುತ್ತದೆ.

ವ್ಯಾಂಪೈರ್ ಎಂಬ ಹಳೆಯ ಜೆಟ್ ವಿಮಾನಕ್ಕೆ ಈ ವಿಧಾನ ಸಾಲದು. ಅದರ ಮುಂಭಾಗದ ಮೈ ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಮರವಿಟ್ಟು ಅಂಟಿಸಿದ್ದು. ಗೋವಾದ ತೇವದಲ್ಲಿ ಅಂಟು ಬಿಡುತ್ತದೆ, ಗೆದ್ದಲು ಬರುತ್ತದೆ. ಅಂಥದ್ದನ್ನು ಸೂರಿನಡಿ ಇಡುವುದಕ್ಕೆ ಬದಲಿ ಉಪಾಯವಿಲ್ಲ.

ಒಳಮೈಗೆ ತೇವ ತಳ್ಳುವ ತೆಳು ಎಣ್ಣೆ, ನಾವು ಬಳಸಿದ್ದು ಎಸಿಎಫ್-50, ವರ್ಷಕ್ಕೊಮ್ಮೆ ಮೇ ಕೊನೆಯ ವಾರ ಸಿಂಪಡಿಸುತ್ತೇವೆ. ಎಂಜಿನ್‌ನ ಗಾಳಿಬಾಯಿ, ನಳಿಗೆಗಳಿಗೆ ಜಾಲರಿ ಇರುವ ಮುಚ್ಚಳ. ತಿಂಗಳಿಗೊಮ್ಮೆ ರೆಕ್ಕೆಯಡಿ ತೊಳೆತ, ಹಕ್ಕಿ ಹಿಕ್ಕೆ ಕಂಡ ದಿನವೇ ಒರೆಸುವುದು. ಮೃಗಶಿರ ಹಿಡಿಯುವ ಮುನ್ನ ಒಂದು ಪರೀಕ್ಷೆ ಉಳಿದಿರುತ್ತದೆ. ರೆಕ್ಕೆ ಮಡಚುವ ಕೀಲಿನ ಮೇಲೆ ಎರಡು ಲೀಟರ್ ಸಿಹಿನೀರು ಸುರಿದು, ಒಬ್ಬರು ಕೆಳಗೆ ಮಗ್ ಹಿಡಿದು ಕೂರಬೇಕು. ಯಾವ ತೂತಿನಿಂದ, ಎಷ್ಟು ನಿಮಿಷದಲ್ಲಿ, ಎಷ್ಟು ನೀರು ಬಂತು ಎಂದು ಪುಸ್ತಕದಲ್ಲಿ ಬರೆಯಬೇಕು. ಕಳೆದ ವರ್ಷಕ್ಕಿಂತ ಅರ್ಧ ಲೀಟರ್ ಕಡಿಮೆ ಬಂದರೆ ಮತ್ತೆ ಪ್ಯಾನೆಲ್ ಇಳಿಸಬೇಕು.