ಪಾಸಿಟಿವ್ ಪೇಸ್ಟಿಗೆ ರೆಡ್ ಲೆಡ್: ನನ್ನ ಅನುಭವ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟು ಹಾಕಲು ಶುರುಮಾಡಿ ನನಗೆ 14 ವರ್ಷವಾಯಿತು. ಗುಬ್ಬಿ, ತಿಪಟೂರು, ಶಿರಾ ಕಡೆಯ ಟ್ರ್ಯಾಕ್ಟರ್ ಮಾಲೀಕರೂ ಊರಿನ ಇನ್ವರ್ಟರ್ ಅಂಗಡಿಯವರೂ ನನ್ನ ಗಿರಾಕಿಗಳು. ಪೇಸ್ಟು ಕಲಸುವ ಬೂದು ಆಕ್ಸೈಡಿಗೆ (ಅರೆಬರೆ ಆಕ್ಸೈಡಾದ ಸೀಸದ ಪುಡಿ) ರೆಡ್ ಲೆಡ್ (ಸೀಸದ ಕೆಂಪು ಆಕ್ಸೈಡ್) ಬೆರೆಸಿ ಫಾರ್ಮೇಶನ್ ಸಮಯವನ್ನು, ಅಂದರೆ ಹೊಸ ಪ್ಲೇಟಿನ ಮೊದಲ ಚಾರ್ಜಿನ ಸಮಯವನ್ನು, ಇಳಿಸುತ್ತೇನೆಂದು ನಾನು ಹೇಳಿದಾಗ, ಪ್ಲೇಟಿಗೆ ಪೇಸ್ಟು ಮೆತ್ತುವ ನಮ್ಮ ಸಾಲಿನ ಹಿರಿಯ ಪೇಸ್ಟರ್ ಒಬ್ಬರು ನಕ್ಕು, "ಅದು ದೊಡ್ಡ ಕಾರ್ಖಾನೆಯವರ ಆಟ, ನಿನ್ನ ಪ್ಲೇಟು ಕೆಸರಾಗಿ ತಳ ಸೇರುತ್ತದೆ" ಎಂದರು. ಮೊದಲ ಸಲ ಅವರ ಮಾತೇ ನಿಜವಾಯಿತು.

ನನ್ನ ಲೆಕ್ಕ ಸರಳವಾಗಿತ್ತು. ಶುದ್ಧ ರೆಡ್ ಲೆಡ್‌ನ ತೂಕದಲ್ಲಿ ನೂರಕ್ಕೆ ಸುಮಾರು 35 ಪಾಲು ಹುಟ್ಟಿನಿಂದಲೇ ಲೆಡ್ ಡೈಆಕ್ಸೈಡ್; ಮೂರು ದಿನ ಕರೆಂಟು ಸುಟ್ಟು ನಾವು ಪಾಸಿಟಿವ್ ಪ್ಲೇಟಿನಲ್ಲಿ ತರಿಸುವುದೂ ಅದನ್ನೇ. ಹಾಗಿದ್ದ ಮೇಲೆ ಪೂರ್ತಿ ರೆಡ್ ಲೆಡ್‌ನಲ್ಲೇ ಪೇಸ್ಟು ಕಲಸಿದರೇನು ಎಂಬ ದುರಾಸೆಯಿಂದ 80 ಕೆಜಿಯಷ್ಟು ಕಲಸಿದೆ. ಫಾರ್ಮೇಶನ್ ನಿಜಕ್ಕೂ ಬೇಗ ಮುಗಿಯಿತು, ಆದರೆ ಬೆರಳಿನಿಂದ ಒತ್ತಿದರೆ ಸಾಕು, ಪ್ಲೇಟಿನಿಂದ ಪುಡಿ ತುಕ್ಕಿನಂತೆ ಉದುರುತ್ತಿತ್ತು. ಬೂದು ಆಕ್ಸೈಡಿನಲ್ಲಿ ಕಾಲು ಭಾಗದಷ್ಟು ಉಳಿದಿರುವ ಕಚ್ಚಾ ಸೀಸ ಕ್ಯೂರಿಂಗ್‌ನಲ್ಲಿ (ಪೇಸ್ಟು ಮೆತ್ತಿದ ಪ್ಲೇಟನ್ನು ತೇವದಲ್ಲಿಟ್ಟು ಹದಗೊಳಿಸುವಾಗ) ಆಕ್ಸೈಡಾಗುತ್ತಾ ಪೇಸ್ಟನ್ನು ಗ್ರಿಡ್ಡಿಗೆ, ಅಂದರೆ ಪ್ಲೇಟಿನ ಸೀಸದ ಜಾಲರಿಗೆ, ಕಚ್ಚಿಸುತ್ತದೆ ಎಂಬುದನ್ನು ಕೈಯಾರೆ ಕೆಲಸ ಮಾಡುವ ನಾನೇ ಮರೆತಿದ್ದೆ. ಗುಜರಿಗೆ ಕೊಟ್ಟು ಬಂದದ್ದನ್ನು ಕಳೆದರೂ ಹತ್ತು ಹನ್ನೊಂದು ಸಾವಿರ ರೂಪಾಯಿ ಕೈಬಿಟ್ಟಿತು.

ಎರಡನೆಯ ಸಲ ನೂರಕ್ಕೆ 25 ಪಾಲಿಗೆ ಇಳಿಸಿದೆ, ಆದರೆ ಕೆಜಿಗೆ 40 ರೂಪಾಯಿ ಕಡಿಮೆಗೆ ಸಿಗುತ್ತದೆಂದು ಹೊಸ ವ್ಯಾಪಾರಿಯೊಬ್ಬರಿಂದ ಮಾಲು ತರಿಸಿಕೊಂಡೆ. ಪ್ಲೇಟುಗಳ ಕೆಪಾಸಿಟಿ ಬರಲೇ ಇಲ್ಲ. ಅನುಮಾನ ಬಂದು ಒಂದು ಚಿಟಿಕೆ ಪುಡಿಯನ್ನು ಗಾಜಿನ ಲೋಟಕ್ಕೆ ಹಾಕಿ, ನೀರು ಬೆರೆಸಿದ ನೈಟ್ರಿಕ್ ಆಸಿಡ್ ಸುರಿದೆ. ಕೆಂಪು ಹೋಗಿ ಚಾಕೊಲೇಟ್ ಬಣ್ಣ ಬಂತು, ಇಲ್ಲಿಯವರೆಗೆ ಸರಿ. ಹೈಡ್ರೋಜನ್ ಪೆರಾಕ್ಸೈಡಿನ ಕೆಲವು ಹನಿ ಬಿಟ್ಟಾಗ ನೊರೆಯೆದ್ದು ಕಂದು ಕರಗಿ, ನೀರು ಪೂರ್ತಿ ತಿಳಿಯಾಗಬೇಕು. ನನ್ನ ಲೋಟದ ತಳದಲ್ಲಿ ಬೆರಳುಗುರಿನಷ್ಟು ಕೆಂಪು ಮಣ್ಣು ಕುಳಿತಿತ್ತು, ಇಟ್ಟಿಗೆ ಪುಡಿಯೇ ಇರಬೇಕು. ಅಂದಿನಿಂದ ಪ್ರತಿ ಚೀಲವನ್ನೂ ಈ ಲೋಟ ನೋಡಿಯೇ ಇಳಿಸಿಕೊಳ್ಳುತ್ತೇನೆ.

ಮೂರನೆಯ ಸಲ ಮಾಲು ಚೊಕ್ಕವಾಗಿತ್ತು, ಕೆಟ್ಟದ್ದು ಏಪ್ರಿಲ್ ತಿಂಗಳು. ತುಮಕೂರಿನ ಒಣ ಬಿಸಿಲಿಗೆ ಪ್ಲೇಟುಗಳು ಅರ್ಧ ದಿನದಲ್ಲೇ ಒಣಗಿ, ಕೆರೆಯ ಅಂಗಳದಂತೆ ಬಿರುಕು ಬಿಟ್ಟವು. ತೇವ ಇದ್ದರಷ್ಟೇ ಸೀಸ ಆಕ್ಸೈಡಾಗುತ್ತದೆ. ತೇವ ಮೊದಲೇ ಹಾರಿಹೋದರೆ ಕ್ಯೂರಿಂಗ್ ಅಲ್ಲಿಗೇ ನಿಂತಂತೆ. ಈಗ ಗೋಡೆಗೆಲ್ಲ ಒದ್ದೆ ಗೋಣಿ ಕಟ್ಟಿದ ಮುಚ್ಚಿದ ಕೋಣೆಯಲ್ಲಿ ಎರಡು ದಿನ ಇಡುತ್ತೇನೆ. ಅಟ್ಟಿಯ ನಡುವೆ ಕೈ ಹಾಕಿದರೆ ಜ್ವರ ಬಂದ ಮಗುವಿನ ಹಣೆಯಂತೆ ಬಿಸಿಯಿರಬೇಕು. ಆ ಬಿಸಿ ತಾನಾಗಿ ಏರಿ ತಾನಾಗಿ ಇಳಿದ ಮೇಲೆಯೇ ಒಣಗಲು ಬಿಡುತ್ತೇನೆ.

ಮುಂದಿನ ಬ್ಯಾಚು ಗೆದ್ದಿತು. ಮೊದಲು 70 ಗಂಟೆಯ ಆಸುಪಾಸು ಹಿಡಿಯುತ್ತಿದ್ದ ಫಾರ್ಮೇಶನ್ ಈಗ 50 ಗಂಟೆಯೊಳಗೆ ಮುಗಿಯುತ್ತದೆ, ಒಂದು ಚಾರ್ಜರಿನಲ್ಲಿ ವಾರಕ್ಕೆ ಎರಡರ ಬದಲು ಮೂರು ಬ್ಯಾಚು ಇಳಿಯುತ್ತದೆ. ರೆಡ್ ಲೆಡ್‌ನ ಹೆಚ್ಚುವರಿ ಬೆಲೆ ಕಳೆದ ಮೇಲೂ ತಿಂಗಳಿಗೆ ಐದಾರು ಸಾವಿರ ಉಳಿಯುತ್ತಿದೆ. 1.400 ಸಾಪೇಕ್ಷ ಸಾಂದ್ರತೆಯ ಸಲ್ಫ್ಯೂರಿಕ್ ಆಸಿಡ್ಡನ್ನು ನೂಲಿನ ಎಳೆಯಂತೆ ಬಿಡಬೇಕು, ಪೇಸ್ಟು 60 ಡಿಗ್ರಿ ದಾಟಬಾರದು, ಅಳತೆ ಬಟ್ಟಲಿನಲ್ಲಿ ಪೇಸ್ಟಿನ ಸಾಂದ್ರತೆ ಸಿಸಿಗೆ 4 ಗ್ರಾಮಿಗಿಂತ ಕೊಂಚ ಮೇಲಿರಬೇಕು; ಇದು ನಿಮಗೆಲ್ಲ ಗೊತ್ತಿರುವುದೇ. ಆಸಿಡ್ಡಿಗಿಂತ ಮೊದಲು ಪೇಸ್ಟಿಗೆ ಹಾಕುವ ನೀರಿನ ಬಕೆಟ್ಟಿಗೆ ನಾನು ಏನು ಸೇರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನೆಗೆಟಿವ್ ಪೇಸ್ಟಿಗೂ ರೆಡ್ ಲೆಡ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ಅಲ್ಲಿ ಡೈಆಕ್ಸೈಡನ್ನು ಮತ್ತೆ ಸೀಸವಾಗಿಸಲು ಕರೆಂಟು ದಂಡ, ಅಷ್ಟೇ.

ರೆಡ್ ಲೆಡ್ಡನ್ನು ನಾನೇ ಏಕೆ ಕಾಯಿಸಿಕೊಳ್ಳಬಾರದೆಂದು ಒಮ್ಮೆ ಹೊರಗಿನ ಶೆಡ್ಡಿನಲ್ಲಿ ಮಾಸ್ಕ್ ಕಟ್ಟಿಕೊಂಡು, ಬೂದು ಆಕ್ಸೈಡನ್ನು ಕಬ್ಬಿಣದ ಬಾಣಲೆಯಲ್ಲಿ 470 ಡಿಗ್ರಿಯ ಹತ್ತಿರ ದಿನವಿಡೀ ಕೆದಕಿದೆ. ಬಿಸಿಯಲ್ಲಿ ಕಪ್ಪಗೆ ಕಾಣುತ್ತಿದ್ದದ್ದು ಆರಿದ ಮೇಲೆ ಕಿತ್ತಳೆಗೆಂಪಾಗಿ ತಿರುಗಿದ್ದನ್ನು ಕಂಡು ಕುಣಿದಾಡಿದೆ. ಎರಡನೆಯ ಬಾಣಲೆಯಲ್ಲಿ ಬೆಂಕಿ ಹೆಚ್ಚಾಗಿ 550ರ ಆಚೆ ಹೋಯಿತು, ಆಕ್ಸಿಜನ್ ಬಿಟ್ಟುಕೊಟ್ಟು ಎಲ್ಲವೂ ಮತ್ತೆ ಹಳದಿ ಲಿಥಾರ್ಜ್ (ಸೀಸದ ಮೊನಾಕ್ಸೈಡ್) ಆಯಿತು. ಉಳಿತಾಯಕ್ಕಿಂತ ಗ್ಯಾಸಿನ ಖರ್ಚೇ ಹೆಚ್ಚಾದ್ದರಿಂದ ಅಲ್ಲಿಗೆ ಬಿಟ್ಟೆ. ಆ ಲಿಥಾರ್ಜ್ ವ್ಯರ್ಥವಾಗಲಿಲ್ಲ: ಗ್ಲಿಸರಿನ್‌ನಲ್ಲಿ ಗಟ್ಟಿಯಾಗಿ ಕಲಸಿ, ಸೋರುತ್ತಿದ್ದ ತೊಳೆಯುವ ತೊಟ್ಟಿಯ ಸಂದಿಗೆ ಮೆತ್ತಿದೆ. ಮರುದಿನಕ್ಕೆ ಕಲ್ಲಾಗಿದ್ದ ಅದು ಎರಡು ವರ್ಷದಿಂದ ಹನಿ ನೀರೂ ಬಿಟ್ಟಿಲ್ಲ.

ಒಂದು ತೊಂದರೆ ಹೆಚ್ಚಾಗಿದೆ, ಅದು ದೂಳು. ರೆಡ್ ಲೆಡ್ ಬಲು ನುಣುಪಾದ ಪುಡಿಯಾದ್ದರಿಂದ ಚೀಲ ಬಿಚ್ಚಿದೊಡನೆ ಏಳುತ್ತದೆ. ಆರು ತಿಂಗಳಿಗೊಮ್ಮೆ ಮಾಡಿಸುವ ರಕ್ತಪರೀಕ್ಷೆಯಲ್ಲಿ ಮಿಕ್ಸರ್ ಹುಡುಗನಿಗೆ ಸೀಸ ಏರಿದ್ದು ಕಂಡು, ಅವನನ್ನು ಪ್ಯಾಕಿಂಗ್‌ಗೆ ಕಳುಹಿಸಿ, ಮಿಕ್ಸರಿನ ಬಾಯಿಗೆ ದೂಳನ್ನು ಹೊರಗೆಳೆಯುವ ಗಾಳಿಕೊಳವೆ ಹಾಕಿಸಿದೆ. 30 ಸಾವಿರ ಹೋಯಿತು. ಇದನ್ನು ಮೊದಲೇ ಮಾಡಬೇಕಿತ್ತು.

ಕಳೆದ ತಿಂಗಳು ಆ ಹಿರಿಯ ಪೇಸ್ಟರ್ ತಾವಾಗಿಯೇ ಬಂದು, ಅರ್ಧ ಚೀಲ ರೆಡ್ ಲೆಡ್ ಸಾಲ ಕೇಳಿದರು. ಕೊಟ್ಟೆ, ಕ್ಯೂರಿಂಗ್ ಕೋಣೆಯನ್ನೂ ತೋರಿಸಿದೆ. ಬಕೆಟ್ಟನ್ನು ತೋರಿಸಲಿಲ್ಲ.